ಕೊತ್ತತ್ತಿಯ ಫೋನಿಗೆ ಕನ್ನಡ ಓದಿಸುವವರು ಯಾರು?

ಚೀನಾದಲ್ಲಿ ಮಾರಾಟವಾಗುವ ಐಫೋನ್‌ಗಳಿಗೆ ಎಐ ಒದಗಿಸಲು ಆ್ಯಪಲ್ ತಮ್ಮ ಕಂಪನಿಯನ್ನು ಆರಿಸಿಕೊಂಡಿದೆ ಎಂದು ಅಲಿಬಾಬಾ ಅಧ್ಯಕ್ಷ ಜೋ ತ್ಸಾಯ್ ದುಬೈನಲ್ಲಿ ಹೇಳಿದ್ದು 2025ರ ಫೆಬ್ರವರಿ 13ರಂದು. ಆ್ಯಪಲ್‌ನವರು ಚೀನಾದ ಹಲವು ಕಂಪನಿಗಳ ಜೊತೆ ಮಾತುಕತೆ ನಡೆಸಿ ಕೊನೆಗೆ ನಮ್ಮಲ್ಲಿಗೆ ಬಂದರು ಎಂದೂ ಅವರು ಹೇಳಿದರು. ಅದಕ್ಕೂ ಒಂದು ವರ್ಷ ಮೊದಲೇ, 2024ರ ಜನವರಿಯಲ್ಲಿ, ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24 ಫೋನನ್ನು ಚೀನಾದ ಮಾರುಕಟ್ಟೆಗೆ ಬಿಡುವಾಗ ಅದರೊಳಗೆ ಬೈದು ಕಂಪನಿಯ 'ಅರ್ನಿ' ಮಾದರಿಯನ್ನು ಸೇರಿಸಿತ್ತು. ಉಳಿದ ದೇಶಗಳಿಗೆ ಹೋದ ಅದೇ ಫೋನಿನಲ್ಲಿ ಇದ್ದದ್ದು ಗೂಗಲ್‌ನ ಎಐ.

ಈ ಎರಡು ಫೋನ್ ಕಂಪನಿಗಳೂ ಇಷ್ಟಪಟ್ಟು ಹೋಗಿ ಬಾಗಿಲು ತಟ್ಟಿದ್ದಲ್ಲ. ಚೀನಾದಲ್ಲಿ 2023ರ ಆಗಸ್ಟ್ 15ರಿಂದ ಒಂದು ನಿಯಮ ಜಾರಿಯಲ್ಲಿದೆ. ಜನರ ಜೊತೆ ಮಾತಾಡುವ ಯಾವುದೇ ಎಐ ಸೇವೆ ಅಲ್ಲಿನ ಸರ್ಕಾರದ ಪರಿಶೀಲನೆ ದಾಟಿಯೇ ಬರಬೇಕು. ಹೊರಗಿನ ಮಾದರಿಗಳಿಗೆ ಆ ಒಪ್ಪಿಗೆ ಸಿಗಲಿಲ್ಲ. ಹಾಗಾಗಿ ಅಲ್ಲಿ ಫೋನು ಮಾರಬೇಕಾದವರು ಅಲ್ಲಿಯವರ ಕೈ ಹಿಡಿಯಲೇಬೇಕಾಯಿತು. ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲಿ ಒಂದಾದ ಆ್ಯಪಲ್ ಕೂಡ ಒಪ್ಪಿಗೆಗಾಗಿ ತಿಂಗಳುಗಟ್ಟಲೆ ಕಾದಿದೆ. ಆ ನಿಯಮವನ್ನು ನಾನು ಹೊಗಳುತ್ತಿಲ್ಲ. ಜನ ಏನು ಕೇಳಬೇಕು, ಯಂತ್ರ ಏನು ಹೇಳಬೇಕು ಎಂದು ಸರ್ಕಾರ ಗೆರೆ ಎಳೆಯುವ ನಿಯಮ ಅದು. ನಮಗೆ ಅಂಥದ್ದು ಬೇಡವೇ ಬೇಡ. ಆದರೆ ಅದರಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿಯಿದೆ. ಮಾರುಕಟ್ಟೆ ಷರತ್ತು ಹಾಕಿದರೆ ಎಷ್ಟೇ ದೊಡ್ಡ ಫೋನ್ ಕಂಪನಿಯಾದರೂ ಮಾತುಕತೆಗೆ ಕೂರುತ್ತದೆ.

ಸ್ಮಾರ್ಟ್‌ಫೋನ್ ಮಾರುಕಟ್ಟೆಯಲ್ಲಿ ಚೀನಾದ ನಂತರದ ಜಾಗ ನಮ್ಮದು. ಹಾಗಿದ್ದಮೇಲೆ ಕರ್ನಾಟಕದಲ್ಲಿ ಫೋನು ಕೊಳ್ಳುವ ಕನ್ನಡಿಗ ಯಾವ ಷರತ್ತು ಹಾಕಿದ್ದಾನೆ?

ಮಂಡ್ಯ ಜಿಲ್ಲೆಯ ನಮ್ಮ ಕೊತ್ತತ್ತಿ ಹೋಬಳಿಯನ್ನೇ ನೋಡಿ. ವಿಶ್ವೇಶ್ವರಯ್ಯ ನಾಲೆಯ ನೀರು, ಭತ್ತ, ಕಬ್ಬು, ಮನೆಗೊಂದೆರಡು ಹಸು. ಗದ್ದೆ ಬದುವಿನ ಮೇಲೆ ಕೂತವರ ಕೈಯಲ್ಲಿ ಇರುವುದು ಹೆಚ್ಚಾಗಿ ವಿವೊ, ಒಪ್ಪೊ, ರಿಯಲ್‌ಮಿ, ಶಿಯೋಮಿ. ಎಲ್ಲವೂ ಚೀನಾ ಮೂಲದ ಬ್ರ್ಯಾಂಡುಗಳೇ. ವಿವೊ ತನ್ನದೇ ಭಾಷಾ ಮಾದರಿ ಕಟ್ಟಿ, 700 ಕೋಟಿ ಅಂಕಿಗಳ (ಈ ಅಂಕಿ ಎಂದರೇನೆಂದು ಮುಂದೆ ಹೇಳುತ್ತೇನೆ) ಒಂದು ಮಾದರಿಯನ್ನು 2023ರಲ್ಲೇ ಎಲ್ಲರಿಗೂ ಬಿಟ್ಟುಕೊಟ್ಟಿತು. ಶಿಯೋಮಿ 2025ರ ಏಪ್ರಿಲ್‌ನಲ್ಲಿ ತನ್ನ 'ಮಿಮೊ' ಮಾದರಿಯನ್ನು ಹಾಗೆಯೇ ಬಿಟ್ಟಿತು. ಅವರ ಊರಿನಲ್ಲಿ ಅವರ ಫೋನು ಈ ಮಾದರಿಗಳಿಂದ, ಚೀನಾದ್ದೇ ಆದ ಡೀಪ್‌ಸೀಕ್‌ನಿಂದ ಮಾತಾಡುತ್ತದೆ. ಅದೇ ಬ್ರ್ಯಾಂಡಿನ ಫೋನು ಮಂಡ್ಯದ ಅಂಗಡಿಗೆ ಬರುವಷ್ಟರಲ್ಲಿ ಒಳಗಿನ ಎಐ ಹೆಚ್ಚಾಗಿ ಗೂಗಲ್‌ನದಾಗಿರುತ್ತದೆ. ಗೂಗಲ್‌ನ ಜೆಮಿನಿ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗ ಕನ್ನಡವನ್ನೂ ಸೇರಿಸಿ ಒಂಬತ್ತು ಭಾರತೀಯ ಭಾಷೆಗಳನ್ನು ತಂದಿತು, ಅದು ಒಳ್ಳೆಯ ಕೆಲಸ. ಆದರೆ ಅದು ನೆಟ್ ಇದ್ದರೆ ಮಾತ್ರ, ಅವರ ಸರ್ವರ್ ಮೂಲಕ ಮಾತ್ರ, ಅವರು ಇಷ್ಟಪಟ್ಟಷ್ಟು ದಿನ ಮಾತ್ರ.

ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿ ಪಕ್ಕದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಗಳಿವೆ. ಅಲ್ಲಿ ದುಡಿಯುವ ಕನ್ನಡದ ಹೆಣ್ಣುಮಕ್ಕಳ ಬೆರಳು ತಾಗಿ ಹೊರಬರುವ ಆ ಫೋನಿನ 'ಆ್ಯಪಲ್ ಇಂಟೆಲಿಜೆನ್ಸ್' 2025ರ ಕೊನೆಯ ಹೊತ್ತಿಗೆ ಡ್ಯಾನಿಶ್, ನಾರ್ವೇಜಿಯನ್, ಸ್ವೀಡಿಶ್ ಕಲಿತಿತ್ತು. ಒಂದೂ ಭಾರತೀಯ ಭಾಷೆ ಕಲಿತಿರಲಿಲ್ಲ. ನಮ್ಮ ಪಾಲಿಗೆ ಬಂದದ್ದು ಭಾರತದ ಇಂಗ್ಲಿಷ್ ಒಂದೇ. ನಾರ್ವೆಯ ಜನಸಂಖ್ಯೆ ಸುಮಾರು 55 ಲಕ್ಷ. 2011ರ ಜನಗಣತಿಯಲ್ಲಿ ಕನ್ನಡ ತಮ್ಮ ಮಾತೃಭಾಷೆ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಸ್ಯಾಮ್‌ಸಂಗ್ ಕಥೆ ಇನ್ನೂ ಹತ್ತಿರದ್ದು. ಗ್ಯಾಲಕ್ಸಿ ಎಐಗೆ ಹಿಂದಿ ಕಲಿಸಿದ್ದು ಬೆಂಗಳೂರಿನಲ್ಲಿರುವ ಅವರ ಸಂಶೋಧನಾ ಕೇಂದ್ರ. ಥಾಯ್, ವಿಯೆಟ್ನಾಂ, ಇಂಡೊನೇಷ್ಯಾ ಭಾಷೆಗಳ ಕೆಲಸಕ್ಕೂ ಇದೇ ಬೆಂಗಳೂರಿನ ಕೈ ಸೇರಿದೆ. ಬೆಂಗಳೂರಿನಲ್ಲಿ ಕೂತು ಹಿಂದಿ, ಥಾಯ್ ಕಲಿಸಲು ಸಾಧ್ಯವಾದವರಿಗೆ ಕನ್ನಡ ಕಲಿಸಲು ಅಡ್ಡಿಯಾದದ್ದು ತಂತ್ರಜ್ಞಾನವಂತೂ ಅಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.

ಕೇಳುವ ಹಕ್ಕು ನಮಗಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2023ರಲ್ಲಿ ಜಾರಿಗೆ ಬಂತು. 2024ರ ತಿದ್ದುಪಡಿಯಿಂದ ಅಂಗಡಿಯ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಯಿತು. ರಾಜ್ಯದಲ್ಲಿ ತಯಾರಾಗುವ ಸರಕಿನ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂಬ ಮಾತು ಅದೇ ಕಾಯ್ದೆಯಲ್ಲಿದೆ. ಮಂಡ್ಯದ ನೂರಡಿ ರಸ್ತೆಯ ಮೊಬೈಲ್ ಅಂಗಡಿಯ ಬೋರ್ಡು ಕನ್ನಡದಲ್ಲಿರಬೇಕು ಎಂದು ಹಟ ಹಿಡಿದವರು ನಾವು. ಆ ಬೋರ್ಡಿನ ಕೆಳಗೆ ಮಾರಾಟವಾಗುವ, ದಿನವಿಡೀ ನಮ್ಮ ಮಕ್ಕಳ ಜೊತೆ ಮಾತಾಡುವ ಸಾಧನದ ಎಐ ಬಗ್ಗೆ ಕಾಯ್ದೆಯಲ್ಲೂ ನಮ್ಮ ಬಾಯಲ್ಲೂ ಒಂದು ಮಾತಿಲ್ಲ.

ಈಗ 'ಮುಕ್ತ ಮಾದರಿ' ಎಂದರೇನು ಎಂಬ ವಿಷಯಕ್ಕೆ ಬರೋಣ. ನಾನು ಹೇಳಬೇಕಾದ್ದರ ಜೀವ ಇರುವುದು ಇಲ್ಲೇ.

ಭಾಷಾ ಮಾದರಿ ಅಂದರೆ ಕೊನೆಗೆ ಒಂದು ದೊಡ್ಡ ಫೈಲು. ಲಕ್ಷಾಂತರ ಪುಸ್ತಕದಷ್ಟು ಬರಹ ಓದಿಸಿ ಓದಿಸಿ ಹೊಂದಿಸಿದ ಕೋಟ್ಯಂತರ ಅಂಕಿಗಳು ಅದರೊಳಗಿರುತ್ತವೆ. ಚಾಟ್‌ಜಿಪಿಟಿ, ಜೆಮಿನಿಗಳ ದೊಡ್ಡ ಮಾದರಿಗಳಲ್ಲಿ ಆ ಅಂಕಿಗಳು ಕಂಪನಿಯ ಬೀಗದೊಳಗಿವೆ; ನಾವು ಪ್ರಶ್ನೆ ಕಳಿಸುತ್ತೇವೆ, ಅವರು ಉತ್ತರ ಕಳಿಸುತ್ತಾರೆ. ಮುಕ್ತ ಮಾದರಿಯಲ್ಲಿ ಆ ಫೈಲನ್ನೇ ನಮಗೆ ಕೊಟ್ಟುಬಿಡುತ್ತಾರೆ. ನಮ್ಮ ಕಂಪ್ಯೂಟರಿಗೆ, ಚಿಕ್ಕದಾದರೆ ಫೋನಿಗೂ, ಇಳಿಸಿಕೊಂಡು ನೆಟ್ ಇಲ್ಲದೆಯೇ ಓಡಿಸಬಹುದು. ಇನ್ನೂ ದೊಡ್ಡ ಮಾತೆಂದರೆ, ಅದರ ಮೇಲೆ ನಮ್ಮದನ್ನು ಬೆಳೆಸಬಹುದು.

ಕಬ್ಬು ಬೆಳೆಯುವ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಕಟಾವಾದ ಮೇಲೆ ಬುಡ ಕೀಳದೆ ನೀರು, ಗೊಬ್ಬರ ಕೊಟ್ಟರೆ ಅದೇ ಬುಡದಿಂದ ಕೂಳೆ ಬೆಳೆ ಎದ್ದು ಬರುತ್ತದೆ. ಬಿತ್ತನೆ ಖರ್ಚಿಲ್ಲ, ಉಳುಮೆ ಖರ್ಚಿಲ್ಲ. ನೂರಾರು ಕೋಟಿ ಸುರಿದು ಯಾರೋ ನಾಟಿ ಮಾಡಿದ ಮಾದರಿಯ ಬುಡದ ಮೇಲೆ ಕನ್ನಡದ ಕೂಳೆ ಎಬ್ಬಿಸಬಹುದು. ಇದು ಬರೀ ಮಾತಲ್ಲ, ಆಗಿ ಹೋಗಿರುವ ಕೆಲಸ. 2024ರ ಆರಂಭದಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಚಿಕ್ಕ ಚಿಕ್ಕ ಎರಡು ತಂಡಗಳು ಇದನ್ನು ಮಾಡಿ ತೋರಿಸಿದವು. ಟೆನ್ಸೊಯಿಕ್‌ನ ಯುವಕರು 'ಕನ್ನಡ ಲಾಮಾ' ಕಟ್ಟಿದರು. ಕಾಗ್ನಿಟಿವ್‌ಲ್ಯಾಬ್‌ನವರು 'ಅಂಬಾರಿ' ಕಟ್ಟಿದರು. ಎರಡಕ್ಕೂ ಬುಡ ಮೆಟಾ ಕಂಪನಿಯ ಲಾಮಾ-2. ಮೂಲ ಮಾದರಿಗೆ ಕನ್ನಡ ಅಕ್ಷರಗಳ ಗುರುತೇ ಸರಿಯಾಗಿ ಇರಲಿಲ್ಲ; ಇವರು ಕನ್ನಡದ ತುಣುಕುಗಳನ್ನು ಅದರ ಪದಪಟ್ಟಿಗೆ ಸೇರಿಸಿ, ಕನ್ನಡ ಪಠ್ಯ ಓದಿಸಿ, ಮಾತಾಡುವಂತೆ ಮಾಡಿದರು. ಯಾವ ಸರ್ಕಾರಿ ಸಮಾರಂಭವೂ ಇವರನ್ನು ಕರೆದು ಶಾಲು ಹೊದಿಸಿದ್ದು ನಾನು ಕಂಡಿಲ್ಲ. ಕನ್ನಡಕ್ಕಾಗಿ ಆದ ಈ ಕಾಲದ ದೊಡ್ಡ ಕೆಲಸಗಳಲ್ಲಿ ಇವೆರಡೂ ಸೇರುತ್ತವೆ ಎಂದು ನಾನು ನಂಬಿದ್ದೇನೆ.

ಆಗ ಸಿಗುತ್ತಿದ್ದ ಒಳ್ಳೆಯ ಬುಡ ಅಮೆರಿಕದ್ದು. ಒಂದೇ ವರ್ಷದಲ್ಲಿ ಚಿತ್ರ ತಿರುಗಿತು. ಮಂಡ್ಯದಲ್ಲಿ 87ನೇ ಕನ್ನಡ ಸಾಹಿತ್ಯ ಸಮ್ಮೇಳನ ಶುರುವಾಗಿದ್ದು 2024ರ ಡಿಸೆಂಬರ್ 20ರಂದು. ಸರಿಯಾಗಿ ಒಂದು ತಿಂಗಳಿಗೆ, ಜನವರಿ 20ರಂದು, ಚೀನಾದ ಡೀಪ್‌ಸೀಕ್ ತನ್ನ ಆರ್‌1 ಮಾದರಿಯನ್ನು ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಿಕೊಳ್ಳಿ ಎನ್ನುವ ಎಂಐಟಿ ಪರವಾನಗಿಯಡಿ ಬಿಟ್ಟಿತು. ವಾರ ಕಳೆಯುವಷ್ಟರಲ್ಲಿ ಅಮೆರಿಕದ ಎನ್‌ವಿಡಿಯಾ ಕಂಪನಿಯ ಷೇರು ಮೌಲ್ಯ ಒಂದೇ ದಿನದಲ್ಲಿ ಸುಮಾರು 60 ಸಾವಿರ ಕೋಟಿ ಡಾಲರ್ ಕರಗಿತು. ಏಪ್ರಿಲ್ ಕೊನೆಗೆ ಅಲಿಬಾಬಾದ ಕ್ವೆನ್-3 ಬಂತು. ಅದು 119 ಭಾಷೆ, ಉಪಭಾಷೆಗಳನ್ನು ಬೆಂಬಲಿಸುತ್ತದೆ ಎಂದು ಅವರು ಕೊಟ್ಟ ಪಟ್ಟಿಯಲ್ಲಿ ಕನ್ನಡವೂ ಇದೆ. 60 ಕೋಟಿ ಅಂಕಿಗಳ ಪುಟ್ಟ ಗಾತ್ರದಿಂದ ಹಿಡಿದು 23,500 ಕೋಟಿವರೆಗೆ ಹಲವು ಅಳತೆಗಳಲ್ಲಿ ಬಂತು. ಚಿಕ್ಕವು ಸಾಮಾನ್ಯ ಫೋನಿನೊಳಗೂ ಕೂರುತ್ತವೆ. ಮುಚ್ಚಿದ ಬಾಗಿಲೇ ಸರಿ ಎನ್ನುತ್ತಿದ್ದ ಬೈದು ಕೂಡ ಜೂನ್ 30ರಂದು ಅರ್ನಿ 4.5 ಅನ್ನು ಮುಕ್ತವಾಗಿ ಬಿಟ್ಟಿತು. ಒತ್ತಡಕ್ಕೆ ಅಮೆರಿಕದ ಓಪನ್‌ಎಐ ಸಹ ಆಗಸ್ಟ್‌ನಲ್ಲಿ ಎರಡು ಮುಕ್ತ ಮಾದರಿ ಕೊಡಬೇಕಾಯಿತು. ಇತ್ತ ಬೆಂಗಳೂರಿನ ಸರ್ವಂ ಎಐ ಕಂಪನಿಯನ್ನು ದೇಶದ್ದೇ ಮಾದರಿ ಕಟ್ಟಲು ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಆರಿಸಿತು. ಮರುತಿಂಗಳೇ ಅವರು ಬಿಟ್ಟ ಸರ್ವಂ-ಎಂ ಮಾದರಿಗೆ ಬುಡವಾದದ್ದು ಫ್ರಾನ್ಸಿನ ಮಿಸ್ಟ್ರಾಲ್. ಅದನ್ನು ಕೆಲವರು ಮೂದಲಿಸಿದರು. ನನಗದು ಮೂದಲಿಸುವ ವಿಷಯವಾಗಿ ಕಾಣಲಿಲ್ಲ. ಯಾರ ಬುಡವಾದರೇನು, ನಮ್ಮ ಭಾಷೆ ಅದರಲ್ಲಿ ಸರಿಯಾಗಿ ಎದ್ದಿತೇ ಎಂಬುದೇ ನೋಡಬೇಕಾದ್ದು.

ಎದ್ದಿದೆಯೇ? ನಮ್ಮ ಬೀದಿಯ ಹುಡುಗನೊಬ್ಬ ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ಒಂದು ಸಂಜೆ ಜಗಲಿಯ ಮೇಲೆ ಕೂತು ತನ್ನ ಫೋನಿಗೆ ಇಳಿಸಿಕೊಂಡಿದ್ದ ಚಿಕ್ಕ ಮುಕ್ತ ಮಾದರಿಯೊಂದನ್ನು ತೋರಿಸಿದ. ಯಾವ ಕಂಪನಿಯದೆಂಬುದು ಬೇಡ. ಆ ಗಾತ್ರದವೆಲ್ಲ ಹೆಚ್ಚುಕಡಿಮೆ ಹಾಗೇ ಇವೆ. ಎರಡೂವರೆ ಜಿಬಿಯಷ್ಟು ಫೈಲು. ಫ್ಲೈಟ್ ಮೋಡ್ ಹಾಕಿ, ನೆಟ್ ಇಲ್ಲ ನೋಡಿ ಎಂದು ತೋರಿಸಿ, ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಟೈಪ್ ಮಾಡಿದ: ಭತ್ತದ ಗರಿಯ ಮೇಲೆ ಕಣ್ಣಿನಾಕಾರದ ಚುಕ್ಕೆ ಬಿದ್ದಿವೆ, ನಡುವೆ ಬೂದು ಬಣ್ಣ, ಏನು ಮಾಡಲಿ? ಒಂದೊಂದೇ ಪದ ಮೂಡುತ್ತ ಬಂತು. ಬೆಂಕಿ ರೋಗ ಇರಬಹುದು ಎಂದಿತು. ಯೂರಿಯಾ ಕಡಿಮೆ ಮಾಡಿ ಎಂದಿತು. ಟ್ರೈಸೈಕ್ಲಜೋಲ್ ಎಂಬ ಔಷಧಿಯ ಹೆಸರು ಹೇಳಿ, ಹೊಡೆಯುವ ಮುನ್ನ ಸ್ಥಳೀಯ ಕೃಷಿ ಅಧಿಕಾರಿಯನ್ನು ಕೇಳಿ ಎಂದಿತು. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದ್ದರೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರು.

ಅದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿದ. ಫೋನು ಬಿಸಿಯಾಯಿತು. ಅಕ್ಷರಗಳು ತಡೆ ತಡೆದು ಬಂದವು. ಸಸ್ಯಗಳಿಗೆ ಸೂಕ್ತ ಆರೈಕೆ ಒದಗಿಸಿ ಎಂದಿತು. ಮತ್ತೆ ಅದನ್ನೇ ಹೇಳಿತು, ಮೂರನೇ ಸಲವೂ ಅದನ್ನೇ. ನಡುವೆ ಒಂದೆರಡು ತೆಲುಗು ಅಕ್ಷರ ನುಸುಳಿದವು. ರೋಗದ ಹೆಸರಿಲ್ಲ, ಔಷಧಿ ಇಲ್ಲ. ಪಕ್ಕದಲ್ಲಿ ಕೂತು ಕೇಳುತ್ತಿದ್ದ ಹಿರಿಯರೊಬ್ಬರು, "ಇಂಗ್ಲಿಷ್ನಲ್ಲಿ ಕೇಳುದ್ರೆ ಅಷ್ಟ್ ಚೆಂದಾಗಿ ಹೇಳ್ತದೆ, ಕನ್ನಡದಲ್ಲಿ ಕೇಳುದ್ರೆ ಹಿಂಗ್ ಪೇಚಾಡ್ತದಲ್ಲ ಮಗ?" ಎಂದರು. ಹುಡುಗ ಹೇಳಿದ, "ಅದುಕ್ಕೆ ಕನ್ನಡ ಓದ್ಸಿಲ್ಲ ದೊಡ್ಡಪ್ಪ. ಓದ್ಸುದ್ರೆ ಹೇಳ್ತದೆ."

ಹುಡುಗ ಹೇಳಿದ್ದು ಸರಿ. ಮಾದರಿಗೆ ವಿಷಯ ಗೊತ್ತಿದೆ, ಅದು ಅದೇ ಫೈಲಿನೊಳಗಿದೆ; ಕನ್ನಡದ ದಾರಿಯಿಂದ ಅಲ್ಲಿಗೆ ತಲುಪಲು ಅದಕ್ಕೆ ಬರುವುದಿಲ್ಲ. ಇಂಗ್ಲಿಷ್ ಬಲ್ಲವನ ಗದ್ದೆ ಉಳಿಯಬೇಕು, ಬಾರದವನದು ಒಣಗಬೇಕು ಎಂದು ಯಾವ ಕಂಪನಿಯೂ ತೀರ್ಮಾನಿಸಿಲ್ಲ. ಆದರೆ ಹಾಗೆಯೇ ಬಿಟ್ಟರೆ ಆಗುವುದು ಅದೇ.

ಕನ್ನಡ ಏಕೆ ಓದಿಸಿಲ್ಲ ಎಂದರೆ, ಓದಿಸಲು ಸಿಕ್ಕಿಲ್ಲ. ಈ ಮಾದರಿಗಳಿಗೆ ಮೇವು ಇಂಟರ್‌ನೆಟ್ಟಿನ ಬರಹ. ಅದರಲ್ಲಿ ಇಂಗ್ಲಿಷಿನ ಪಾಲು ಅರ್ಧಕ್ಕೆ ಹತ್ತಿರ. ಕನ್ನಡದ ಪಾಲು ಸಾವಿರದಲ್ಲಿ ಒಂದು ಭಾಗವೂ ಇಲ್ಲ. ಅದರ ಮೇಲೆ ಇನ್ನೊಂದು ಹೊರೆ. ಕಂಪ್ಯೂಟರಿನ ಯುಟಿಎಫ್-8 ಲೆಕ್ಕದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು; ಕನ್ನಡದಲ್ಲಿ ಅಕ್ಷರ, ಗುಣಿತದ ಗುರುತು, ಒತ್ತಿನ ಗುರುತು ಪ್ರತಿಯೊಂದಕ್ಕೂ ಮೂರು. ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 8 ಬೈಟ್, ಕನ್ನಡದಲ್ಲಿ 27. ಕನ್ನಡಕ್ಕೆಂದು ಪದಪಟ್ಟಿ ಹೊಂದಿಸದ ಮಾದರಿ ನಮ್ಮ ಪದಗಳನ್ನು ಚೂರು ಚೂರು ಮಾಡಿ ಓದುತ್ತದೆ. ಹೊತ್ತು ಹೆಚ್ಚು, ಬ್ಯಾಟರಿ ಹೆಚ್ಚು, ಸರ್ವರ್ ಮೂಲಕವಾದರೆ ಹಣವೂ ಹೆಚ್ಚು. ಕನ್ನಡ ಲಾಮಾ, ಅಂಬಾರಿ ತಂಡದವರು ಮೊದಲು ಪದಪಟ್ಟಿಗೇ ಕೈ ಹಾಕಿದ್ದು ಇದಕ್ಕೇ.

ಹಾಗಾದರೆ ಕನ್ನಡದಲ್ಲಿ ಬರಹವೇ ಇಲ್ಲವೇ? ರಾಶಿ ರಾಶಿ ಇದೆ. ಬಿಡುಗಡೆಯಾಗಿಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ, ಪೂರ್ಣಚಂದ್ರ ತೇಜಸ್ವಿಯವರ ಒತ್ತಾಯ, ಇವೆಲ್ಲ ಸೇರಿ ಕನ್ನಡವನ್ನು ಕಂಪ್ಯೂಟರಿಗೆ ತಂದವು. ಆ ಋಣ ದೊಡ್ಡದು. ಆದರೆ ಆ ಕಾಲದಲ್ಲಿ ಟೈಪಾದ ಬಹುಪಾಲು ಕಡತ, ಪುಸ್ತಕ, ಸುತ್ತೋಲೆ ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿವೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಮಟ್ಟಿಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಇಂಥ ಒಂದು ಪಿಡಿಎಫ್‌ನಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿ ನೋಡಿ, ತಿಳಿಯುತ್ತದೆ. ಇನ್ನುಳಿದವು ಸ್ಕ್ಯಾನ್ ಮಾಡಿದ ಚಿತ್ರಗಳು. ಕೃಷಿ ವಿಶ್ವವಿದ್ಯಾಲಯಗಳ ಸುಧಾರಿತ ಬೇಸಾಯ ಕ್ರಮಗಳ ಪುಸ್ತಕಗಳು, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್‌ನಲ್ಲಿ ದಶಕಗಳಿಂದ ಭತ್ತ, ಕಬ್ಬು, ರಾಗಿಯ ಮೇಲೆ ನಡೆದ ಪ್ರಯೋಗಗಳ ಕನ್ನಡ ಕರಪತ್ರಗಳು, ನಾಲೆಗೆ ಕಟ್ಟು ನೀರು ಬಿಡುವ ಪ್ರಕಟಣೆಗಳು, ಜಿಲ್ಲೆಯ ಗ್ಯಾಸೆಟಿಯರ್, ಅಕಾಡೆಮಿ, ಪ್ರಾಧಿಕಾರಗಳ ಪುಸ್ತಕಗಳು. ಎಲ್ಲವೂ ಜನರ ತೆರಿಗೆ ದುಡ್ಡಿನಲ್ಲಿ ಆದವು. ಕಿರುಗಾವಲಿನ ಸೈಯದ್ ಗನಿ ಖಾನ್ ಸಾವಿರಕ್ಕೂ ಹೆಚ್ಚು ಭತ್ತದ ತಳಿ ಉಳಿಸಿ ಬೆಳೆಸುತ್ತಿದ್ದಾರೆ. ಯಾವ ತಳಿಗೆ ಎಷ್ಟು ನೀರು, ಎಷ್ಟು ದಿನ, ಯಾವ ಹುಳ ಮುಟ್ಟುವುದಿಲ್ಲ ಎಂಬುದು ಅವರ ಬಾಯಲ್ಲಿದೆ. ಆ ಮಾತು ಬರಹಕ್ಕೆ ಬಂದು ಮಾದರಿಗೆ ತಲುಪಿದರೆ ಮಂಡ್ಯದ ಫೋನು ಮಂಡ್ಯದ ಉತ್ತರ ಕೊಡುತ್ತದೆ.

ಬಿಡುಗಡೆ ಮಾಡಿದರೆ ಏನಾಗುತ್ತದೆ ಎನ್ನಲು ಉದಾಹರಣೆ ನಮ್ಮ ಮಗ್ಗುಲಲ್ಲೇ ಇದೆ. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿತು. ಆ ಲೇಖನಗಳು ಕನ್ನಡ ವಿಕಿಪೀಡಿಯಕ್ಕೆ ಹರಿದವು. ಜಗತ್ತಿನ ಬಹುಪಾಲು ಭಾಷಾ ಮಾದರಿಗಳು ಓದುವ ಬರಹದಲ್ಲಿ ವಿಕಿಪೀಡಿಯವೂ ಇರುತ್ತದೆ. ಇವತ್ತು ಯಾವುದೋ ದೇಶದ ಮಾದರಿ ಕನ್ನಡದಲ್ಲಿ ನಾಲ್ಕು ಸಾಲು ನೇರವಾಗಿ ಬರೆಯುತ್ತಿದ್ದರೆ, ಆ ಸಾಲಿನಲ್ಲಿ ಮೈಸೂರಿನ ವಿದ್ವಾಂಸರ ಬೆವರಿನ ಪಾಲೂ ಇರಬಹುದು.

ಇಷ್ಟು ಹೇಳಿದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: ಚೀನಾದವರ ಮಾದರಿಯನ್ನು ನಂಬುವುದೇ? ಕೇಳಬೇಕಾದ ಪ್ರಶ್ನೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಮಾತ್ರವಲ್ಲ, ಹಳ್ಳಿಗಳ ಅಗ್ಗದ ಫೋನುಗಳಲ್ಲೂ ಇರುತ್ತಿದ್ದ ಯುಸಿ ಬ್ರೌಸರ್ ಕೂಡ ಇತ್ತು. ಅದು ಅಲಿಬಾಬಾದ್ದೇ. ಡೀಪ್‌ಸೀಕ್ ಆ್ಯಪ್‌ನಲ್ಲಿ ನಾವು ಬರೆದದ್ದು ಚೀನಾದ ಸರ್ವರ್‌ನಲ್ಲಿ ಶೇಖರವಾಗುತ್ತದೆ ಎಂದು ಅವರ ನಿಯಮಗಳೇ ಹೇಳುತ್ತವೆ. 2025ರ ಜನವರಿಯಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಚೇರಿಯ ಕಂಪ್ಯೂಟರುಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಎರಡನ್ನೂ ಬಳಸಬೇಡಿ ಎಂದಿತು. ಎರಡನ್ನೂ ಎಂದದ್ದು ಸರಿಯಾದ ಎಚ್ಚರಿಕೆ. ಗುಟ್ಟಿನ ಕಡತ ಬೀಜಿಂಗ್‌ಗೆ ಹೋಗಬಾರದಾದರೆ ಕ್ಯಾಲಿಫೋರ್ನಿಯಾಕ್ಕೂ ಹೋಗಬಾರದು. ಅದಾದ ಬೆನ್ನಿಗೇ ಐಟಿ ಸಚಿವ ಅಶ್ವಿನಿ ವೈಷ್ಣವ್ ಡೀಪ್‌ಸೀಕ್ ಮಾದರಿಯನ್ನು ಭಾರತದ ಸರ್ವರ್‌ಗಳಲ್ಲೇ ಇಟ್ಟು ಬಳಸಬಹುದು ಎಂದರು. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಆ್ಯಪ್ ಬೇರೆ, ಮಾದರಿ ಬೇರೆ. ಆ್ಯಪ್ ಬಳಸಿದರೆ ನಮ್ಮ ಮಾತು ಅವರಲ್ಲಿಗೆ ಹೋಗುತ್ತದೆ. ಮಾದರಿಯ ಫೈಲನ್ನು ನಮ್ಮ ಯಂತ್ರಕ್ಕೆ ಇಳಿಸಿಕೊಂಡು ನೆಟ್ ತೆಗೆದರೆ ಯಾವ ಮಾತೂ ಎಲ್ಲಿಗೂ ಹೋಗುವುದಿಲ್ಲ.

ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. ಬುಡದಲ್ಲಿ ರೋಗವಿದ್ದರೆ ಕೂಳೆಗೂ ಬರುತ್ತದೆ, ಇದು ಕಬ್ಬಿನ ರೈತನಿಗೆ ಗೊತ್ತು. ಅರುಣಾಚಲದ ಬಗ್ಗೆ, ತಿಯಾನನ್ಮೆನ್ ಬಗ್ಗೆ ಕೇಳಿದರೆ ಡೀಪ್‌ಸೀಕ್ ಚಾಟ್‌ಬಾಟ್ ಉತ್ತರ ತಪ್ಪಿಸಿದ್ದು ನಮ್ಮ ಪತ್ರಿಕೆಗಳಲ್ಲೇ ವರದಿಯಾಗಿತ್ತು. ಆ ಗುಣದ ಅಂಶ ಮಾದರಿಯೊಳಗೂ ಉಳಿದಿರಬಹುದು. ಭತ್ತದ ರೋಗ ಕೇಳುವಾಗ ಅದು ಅಡ್ಡ ಬಾರದು, ಮಕ್ಕಳ ಪಾಠ ಹೇಳುವಾಗ ಬರಬಹುದು. ಆದ್ದರಿಂದ ಶಾಲೆಗೆ, ನ್ಯಾಯಾಲಯಕ್ಕೆ, ಸರ್ಕಾರಿ ಕಚೇರಿಗೆ ಬರುವ ಮಾದರಿ ಯಾವ ದೇಶದ್ದೇ ಇರಲಿ, ಕನ್ನಡದಲ್ಲಿ ಪರೀಕ್ಷೆ ಬರೆದು ಪಾಸಾಗಿ ಬರಬೇಕು. ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ನಾವು ತಯಾರಿಸಬೇಕು. ಅಮೆರಿಕದ ಮಾದರಿಗಳಿಗೂ ಇದೇ ಮಾತು.

ಬರಹದ ಜೊತೆ ಮಾತೂ ಬೇಕು. ನಮ್ಮಲ್ಲಿ ಫೋನಿಗೆ ಟೈಪ್ ಮಾಡುವವರಿಗಿಂತ ಮೈಕ್ ಒತ್ತಿ ಮಾತಾಡುವವರೇ ಹೆಚ್ಚು, ಮಾತಾಡುವುದು ಮಂಡ್ಯದ ಕನ್ನಡ. ಇಲ್ಲಿ ಕೆಲಸ ಶುರುವಾಗಿದೆ ಎನ್ನುವುದು ಸಮಾಧಾನ. ಬೆಂಗಳೂರಿನ ಐಐಎಸ್‌ಸಿ ತನ್ನ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಮಾತನ್ನು, ಕೃಷಿ, ಬ್ಯಾಂಕಿಂಗ್ ವಿಷಯಗಳಲ್ಲಿ, ಪ್ರಾದೇಶಿಕ ಭೇದಗಳ ಸಮೇತ ಸಂಗ್ರಹಿಸಿದೆ. ಗೂಗಲ್ ನೆರವಿನ 'ವಾಣಿ' ಯೋಜನೆ ಜಿಲ್ಲೆ ಜಿಲ್ಲೆಯ ದನಿ ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಕೊಡುತ್ತಿದೆ. 2021ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಕಾರ್ಯ' ಸಂಸ್ಥೆಯ ಕ್ರಮ ನನಗೆ ಇವೆಲ್ಲಕ್ಕಿಂತ ಮೆಚ್ಚುಗೆಯಾಯಿತು. ಹಳ್ಳಿಯ ಹೆಣ್ಣುಮಕ್ಕಳು ಫೋನಿನಲ್ಲಿ ಕನ್ನಡ ವಾಕ್ಯ ಓದಿ ದಾಖಲಿಸುತ್ತಾರೆ; ಗಂಟೆಗೆ ಕನಿಷ್ಠ 5 ಡಾಲರ್‌ನಷ್ಟು ಕೂಲಿ; ಆ ದನಿ ಮತ್ತೆ ಮಾರಾಟವಾದರೆ ಮತ್ತೆ ಪಾಲು. ನಮ್ಮ ಭಾಷೆಯಿಂದ ಯಾರೋ ಲಾಭ ಮಾಡುತ್ತಾರೆ ಎಂದು ಬೇಸರಪಡುವ ಬದಲು ಲಾಭದಲ್ಲಿ ಪಾಲು ಕೇಳುವ ದಾರಿ ಇದು. ಕೊತ್ತತ್ತಿಯ ಸ್ತ್ರೀಶಕ್ತಿ ಸಂಘಗಳಿಗೆ ಇಂಥ ಕೆಲಸ ಬಂದರೆ ಮನೆ ಬಾಗಿಲಲ್ಲೇ ದುಡಿಮೆ, ನಮ್ಮ ಮಾತೂ ಉಳಿಯಿತು.

ಫೋನ್ ಕಂಪನಿಗಳ ಲೆಕ್ಕಾಚಾರ ವರ್ಷಕ್ಕೊಮ್ಮೆ ಬದಲಾಗುತ್ತದೆ. ಚೀನಾಕ್ಕೆ ಅಲಿಬಾಬಾವನ್ನು ಆರಿಸಿಕೊಂಡ ಆ್ಯಪಲ್ 2026ರ ಜನವರಿಯಲ್ಲಿ ಗೂಗಲ್ ಜೊತೆ ಜಂಟಿ ಹೇಳಿಕೆ ಕೊಟ್ಟು, ತನ್ನ ಮುಂದಿನ ಮಾದರಿಗಳು ಜೆಮಿನಿಯ ಮೇಲೆ ನಿಲ್ಲುತ್ತವೆ ಎಂದಿತು. ನಾಳೆ ಇನ್ನೊಬ್ಬರು ಬರಬಹುದು. ಅವರಲ್ಲಿ ಯಾರು ಬಂದರೂ ಕನ್ನಡ ಕಲಿತೇ ಬರುವಂತೆ ಮಾಡುವ ಕೆಲಸ ನಮ್ಮದು, ಅದಕ್ಕೆ ಎರಡು ಕಡೆಯಿಂದ ಕೈ ಹಾಕಬೇಕು. ರಾಜ್ಯ ಸರ್ಕಾರ 2022ರ ಅಧಿನಿಯಮಕ್ಕೆ ಒಂದು ನಿಯಮ ಸೇರಿಸಲಿ: ಕರ್ನಾಟಕದಲ್ಲಿ ಎಐ ಇದೆ ಎಂದು ಜಾಹೀರಾತು ಮಾಡಿ ಫೋನು ಮಾರುವವರು, ಆ ಎಐ ಕನ್ನಡದಲ್ಲಿ ಏನೇನು ಮಾಡುತ್ತದೆ, ಏನೇನು ಮಾಡುವುದಿಲ್ಲ ಎಂದು ಡಬ್ಬದ ಮೇಲೆ ಕನ್ನಡದಲ್ಲಿ ಅಚ್ಚು ಹಾಕಲಿ. ಮಾರಬೇಡಿ ಎನ್ನುತ್ತಿಲ್ಲ, ಹೇಳಿ ಮಾರಿ ಎನ್ನುತ್ತಿದ್ದೇವೆ. ಹೇಳಲೇಬೇಕಾದಾಗ ಮಾಡುವ ಮನಸ್ಸೂ ಬರುತ್ತದೆ.

ಇನ್ನೊಂದು ನಮ್ಮ ಜಿಲ್ಲೆಯಿಂದಲೇ ಶುರುವಾಗಬಹುದಾದ್ದು. ವಿ.ಸಿ. ಫಾರ್ಮ್‌ನಲ್ಲಿ ಈಗ ಕೃಷಿ ವಿಶ್ವವಿದ್ಯಾಲಯ ತಲೆಯೆತ್ತುತ್ತಿದೆ. ಹೊಸ ಸಂಸ್ಥೆಯ ಮೊದಲ ಕೆಲಸಗಳಲ್ಲಿ ಒಂದಾಗಿ, ಅಲ್ಲಿ ಇದುವರೆಗೆ ಕನ್ನಡದಲ್ಲಿ ಅಚ್ಚಾದ ಕರಪತ್ರ, ಕೈಪಿಡಿ, ಬೇಸಾಯ ಕ್ರಮಗಳ ಪುಸ್ತಕ ಎಲ್ಲವನ್ನೂ ಯೂನಿಕೋಡ್‌ಗೆ ತಂದು, ಮೈಸೂರು ವಿಶ್ವವಿದ್ಯಾಲಯ ವಿಶ್ವಕೋಶಕ್ಕೆ ಕೊಟ್ಟಂಥ ಪರವಾನಗಿಯಡಿ ಬಿಡಲಿ. ಮಂಡ್ಯದ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಅದನ್ನು ಸಿಕ್ಕ ಮುಕ್ತ ಮಾದರಿಗೆ ಓದಿಸಲಿ, ಕ್ವೆನ್ ಆಗಲಿ, ಸರ್ವಂ ಆಗಲಿ. ಈ ಎರಡು ಬೇಡಿಕೆಗಳನ್ನು ಬರೆದು ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೂ ಮಂಡ್ಯ ಜಿಲ್ಲಾಧಿಕಾರಿಗಳಿಗೂ ಕೊಡಲು ಅರ್ಜಿ ಸಿದ್ಧವಾಗಿದೆ. ಅದರ ಪ್ರತಿ ಕೊತ್ತತ್ತಿಯಲ್ಲಿದೆ. ಮದ್ದೂರು, ಮಳವಳ್ಳಿ ಕಡೆಯವರೂ ಬಂದು ಓದಿ, ತಿದ್ದುಪಡಿ ಇದ್ದರೆ ಸೇರಿಸಿ, ಸಹಿ ಹಾಕಬಹುದು.